ಹೆಬ್ಬೆರಳಿನ ಮನೆ

ನವೆಂಬರಿನಲ್ಲಿ ಹೋದ ಸೂರ್ಯ
ಜನವರಿ ಅರ್ಧ ಕಳೆಯುವವರೆಗೆ
ವಾರ್ಡೋ ದ್ವೀಪದ ಕಡೆ ತಲೆ ಹಾಕುವುದಿಲ್ಲ.
ಬೆಳಿಗ್ಗೆ ಏಳಕ್ಕೆ ನಾನು ಬೀಗ ತೆಗೆದು
ಹನ್ನೊಂದು ಕೊಕ್ಕೆಗಳ ಮೇಲಿನ ದೀಪ ಹಾಕುತ್ತೇನೆ.
ಕೊಕ್ಕೆಗೊಂದು ಚಿತ್ರ: ಏಡಿ, ಲಂಗರು, ಕಡಲಹಕ್ಕಿ,
ಹೆಸರು ಓದಲು ಬಾರದವರ ವಿಳಾಸ.

ಮೀನು ಕಾರ್ಖಾನೆಯ ಪಾಳಿಗೆ ಓಡುವ ತಾಯಂದಿರು
ನಿದ್ದೆಗಣ್ಣಿನ ಮಕ್ಕಳನ್ನು ನನ್ನ ತೋಳಿಗೆ ದಾಟಿಸಿ
ಕಿಟಕಿಯಾಚೆ ಒಮ್ಮೆ ಕೈ ಬೀಸಿ
ಕತ್ತಲಲ್ಲಿ ಕರಗುತ್ತಾರೆ.
ಅಳು ನನಗೆ. ಮೂಗೂ ನನಗೆ.

ಅಂಗಳಕ್ಕಿಳಿಯಲು ಒಂದು ಶಾಸ್ತ್ರವಿದೆ.
ಮೊದಲು ಉಣ್ಣೆ, ಮೇಲೆ ಇನ್ನೊಂದು ಉಣ್ಣೆ,
ಅದರ ಮೇಲೆ ಗಾಳಿ ನುಗ್ಗದ ದಗಲೆ, ಆಮೇಲೆ ಬೂಟು,
ಕೊನೆಗೆ ಕೈಗವಸು.
ಹತ್ತನೆಯವಳ ಜಿಪ್ ಏರಿಸುವಷ್ಟರಲ್ಲಿ
ಮೊದಲನೆಯವನಿಗೆ ಉಚ್ಚೆ ಬಂದಿರುತ್ತದೆ.
ಮತ್ತೆ ಎಲ್ಲ ಬಿಚ್ಚು.
ಮೂವತ್ತೊಂದು ವರ್ಷ ಈ ಲೆಕ್ಕ ಇಟ್ಟವರಿಲ್ಲ.
ಇಟ್ಟಿದ್ದರೆ, ನಾನು ಏರಿಸಿದ ಜಿಪ್ಪುಗಳನ್ನು ತುದಿಗೆ ತುದಿ ಕಟ್ಟಿ
ವಾಡ್ಸೋವರೆಗೆ ಹಗ್ಗ ಎಳೆಯಬಹುದಿತ್ತು.

ಕೈಗವಸಿಗೆಂದೇ ಒಂದು ಮಂತ್ರ ಕಟ್ಟಿದ್ದೇನೆ:
ಹೆಬ್ಬೆರಳಣ್ಣನಿಗೆ ಒಂಟಿ ಮನೆ,
ಉಳಿದ ನಾಲ್ವರಿಗೆ ಒಂದೇ ಚಾವಡಿ,
ಬಾಗಿಲು ಹಾಕು, ಚಳಿ ಬಂತು.

ಬ್ಯಾಂಕಿನಲ್ಲಿರುವ ನನ್ನ ತಂಗಿ ಗುದ್ರುನ್ ಕಿಚಾಯಿಸುತ್ತಾಳೆ,
"ದಿನವಿಡೀ ಆಟ, ಮೇಲೆ ಸಂಬಳ ಬೇರೆ."
ಅವಳ ಹಣ ಕೂತಲ್ಲೇ ಬಡ್ಡಿ ಹೆರುತ್ತದಂತೆ.
ನನ್ನ ಅಸಲು ದಿನವೂ ಸಂಜೆ ನಾಲ್ಕಕ್ಕೆ
ಹಿಂತಿರುಗಿಯೂ ನೋಡದೆ ಹೊಸ್ತಿಲು ದಾಟುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ, ಅನ್ನುತ್ತದೆ ಗಾದೆ.
ನಮ್ಮ ದ್ವೀಪದಲ್ಲಿ ಮರವೇ ಇಲ್ಲ.
ಬಗ್ಗಿಸುವುದಕ್ಕೆ ಗಾಳಿ ಸಾಕು.
ಬಿದ್ದಲ್ಲಿಂದ ಏಳುವುದು,
ಎದ್ದವನು ಪಕ್ಕದವಳ ಸಲಿಕೆ ಕಸಿಯದಿರುವುದು,
ಕಸಿದರೆ, ಅತ್ತಾದರೂ ಸರಿ, ಮರಳಿ ಕೊಡುವುದು,
ಇಷ್ಟೇ ನಾನು ಹೇಳಿಕೊಡುವುದು.

ಹೋದ ಮಂಗಳವಾರ ಪುರಸಭೆಯಲ್ಲಿ ಖರ್ಚಿನ ಚರ್ಚೆ.
ಶೂರ್ ಎದ್ದು ನಿಂತ. ಕನ್ನಡಕ, ಟೈ, ಮೂರು ಪುಟ ಅಂಕಿ.
"ಚಿಕ್ಕ ಮಕ್ಕಳನ್ನು ನೋಡಿಕೊಳ್ಳಲು
ಇಷ್ಟು ಓದಿದವರು ಬೇಕೆ? ಒಬ್ಬರನ್ನು ಕಡಿಮೆ ಮಾಡೋಣ."
ಚೆನ್ನಾಗಿ ಮಾತಾಡಿದ. ಸರದಿ ಬರುವವರೆಗೆ ಕಾದ.
ಬೇರೆಯವರ ಮಾತಿಗೆ ಬಾಯಿ ಹಾಕಲಿಲ್ಲ.
ಮೂರು ವರ್ಷದವನಿದ್ದಾಗ ಕಚ್ಚುತ್ತಿದ್ದ;
ನನ್ನ ಎಡಗೈಯಲ್ಲಿ ಇನ್ನೂ ಒಂದು ಹಲ್ಲಿನ ಗುರುತು.

ನಾನು ಯಾರೆಂದು ಅವನಿಗೆ ಗೊತ್ತು, ಊರು ಚಿಕ್ಕದು.
ಗೊತ್ತಿಲ್ಲದ್ದು, ಅವನೊಳಗೆ ನಾನು ಎಲ್ಲಿದ್ದೇನೆ ಎಂದು.
ನೆನಪು ಕಣ್ಣು ಬಿಡುವ ಮೊದಲೇ
ನನ್ನ ಪಾಳಿ ಮುಗಿದಿರುತ್ತದೆ.

ಸಭೆ ಮುಗಿಯಿತು. ಹೊರಗೆ ಹಿಮಗಾಳಿ ಊಳಿಡುತ್ತಿತ್ತು.
ಬಾಗಿಲ ಬಳಿ ಶೂರ್ ಕೈಗವಸು ಹಾಕಿಕೊಂಡ.
ಮೊದಲು ಹೆಬ್ಬೆರಳು. ತುಸು ತಡೆದು ಉಳಿದ ನಾಲ್ಕು.
ತುಟಿ ಅಲುಗಿತು, ಸದ್ದಿಲ್ಲ.
ನನಗೆ ನಗು ಬಂತು, ಸಿಟ್ಟೂ ಬಂತು;
ಎರಡನ್ನೂ ಶಾಲಿನೊಳಗೆ ಸುತ್ತಿಕೊಂಡು
ಮನೆಗೆ ನಡೆದೆ.

ಇವತ್ತು ಬೆಳಿಗ್ಗೆ ಫಿಲ್ಮೊನ್.
ಎರಿಟ್ರಿಯಾದ ತಾಯಿಯ ಮಗ, ಏಡಿ ಚಿತ್ರದ ಕೊಕ್ಕೆ ಅವನದು.
ಬಂದು ನಾಲ್ಕು ತಿಂಗಳು, ಒಂದು ಮಾತಿಲ್ಲ.
ದಿನವೂ ಗೊಂಬೆಯ ಹಾಗೆ ಕೈ ಎತ್ತಿ ನಿಲ್ಲುವವನು
ನಾನು ಜಿಪ್ ಹಿಡಿದೊಡನೆ ನನ್ನ ಬೆರಳು ಸರಿಸಿ,
"ನಾನೇ" ಅಂದ.
ನಮ್ಮ ಭಾಷೆಯಲ್ಲಿ,
ಬೆಸ್ತರ ಬೀದಿಯ ಅದೇ ಒರಟು ದನಿಯಲ್ಲಿ.

ಹೊಟ್ಟೆಯ ಹತ್ತಿರ ಜಿಪ್ ಸಿಕ್ಕಿಹಾಕಿಕೊಂಡಿತು.
ಬಾಗಿಲಲ್ಲಿ ಹತ್ತು ಮಕ್ಕಳು ಉಣ್ಣೆಯೊಳಗೆ ಬೆವರುತ್ತ,
ಒಬ್ಬಳು ಅಳುತ್ತ, ಒಬ್ಬ ಆಗಲೇ ಬೂಟು ಬಿಚ್ಚುತ್ತ.
ನನ್ನದೊಂದು ಎಳೆತ ಸಾಕಿತ್ತು.
ಮೂವತ್ತೊಂದು ವರ್ಷದಲ್ಲಿ ಕಷ್ಟಪಟ್ಟು ಕಲಿತ ವಿದ್ಯೆ ಇದೊಂದೇ,
ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತೆ.

ಕಿಟಕಿಯಾಚೆ ಕಡಲಂಚು
ಸೂರ್ಯನಿಲ್ಲದೆಯೂ ನೀಲಿಗೆ ತಿರುಗುತ್ತಿತ್ತು.
ಅವನು ಜಿಪ್ಪನ್ನು ಕೆಳಕ್ಕೆ ಇಳಿಸಿ
ಮತ್ತೆ ಮೊದಲಿನಿಂದ ಶುರು ಮಾಡಿದ.